ಅಕ್ಕ ಒಂದು ದಿನ ಕೂತು ನೋಡಿದ ಕೆಲಸ

ನನ್ನ ಅಕ್ಷರ ಚೆನ್ನಾಗಿಲ್ಲ. ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ಕೋಳಿ ಕೆದರಿದ ಹಾಗಿದೆ ಎಂದು ಶಾಲೆಯಲ್ಲಿ ಹೇಳುತ್ತಿದ್ದರು. ಈಗ ದಿನವೂ ಸೂಜಿ, ಮೊಳೆ ಹಿಡಿಯುವುದರಿಂದ ಪೆನ್ನು ಕೈಗೆ ಬಂದರೆ ಬೆರಳು ಅದನ್ನೂ ಎಲ್ಲಾದರೂ ಚುಚ್ಚಲು ನೋಡುತ್ತದೆ. ಮಾತುಗಳೂ ನನ್ನ ಬಳಿ ಹೆಚ್ಚಿಲ್ಲ, ಓದು ಅರ್ಧಕ್ಕೆ ಬಿಟ್ಟವಳು ನಾನು. ನಮ್ಮ ಬೀದಿಯ ಗ್ರಂಥಾಲಯದ ಮೇಡಂ ತಮ್ಮ ಪತ್ರಿಕೆಗೆ, "ನಿಂಗೆ ಚೆನ್ನಾಗಿ ಗೊತ್ತಿರೋ ಒಬ್ಬರ ಬಗ್ಗೆ ಬರಿ, ದೊಡ್ಡ ಮನುಷ್ಯರು ಬೇಡ" ಎಂದರು. ನನಗೆ ದೊಡ್ಡ ಮನುಷ್ಯರು ಯಾರೂ ಗೊತ್ತಿಲ್ಲದ ಕಾರಣ ಅದು ಕಷ್ಟವಾಗಲಿಲ್ಲ. ನನ್ನ ಅಕ್ಕನ ಬಗ್ಗೆ ಬರೆಯುತ್ತಿದ್ದೇನೆ. ಅವಳನ್ನು ಕೇಳಿಯೇ ಬರೆಯುತ್ತಿದ್ದೇನೆ. "ಬರಿ, ಆದ್ರೆ ಕಲ್ಲಿನ ಹೆಸರು ತಪ್ಪು ಬರೀಬೇಡ" ಎಂದಳು. ಆದ್ದರಿಂದ ಕಲ್ಲಿನ ಹೆಸರು ಎಲ್ಲಿಯೂ ಬರೆದಿಲ್ಲ.

ನಮ್ಮದು ಕುರ್ಚಿ, ಸೋಫಾ ರಿಪೇರಿ ಅಂಗಡಿ. ಮುಂದೆ ಅಂಗಡಿ, ಹಿಂದೆ ಮನೆ. ನಡುವೆ ಬಾಗಿಲಿಲ್ಲ, ಪರದೆ ಇದೆ, ಅದೂ ಯಾರೋ ಬೇಡವೆಂದ ಸೋಫಾದ ಬಟ್ಟೆಯದು. ಅಪ್ಪ ಚೌಕಟ್ಟು ಮತ್ತು ಸ್ಪ್ರಿಂಗ್ ನೋಡಿಕೊಳ್ಳುತ್ತಾರೆ. ಅಮ್ಮ ಸ್ಪಂಜು ಕತ್ತರಿಸಿ ಅಂಟಿಸುತ್ತಾಳೆ. ನಾನು ಬಟ್ಟೆ ಹೊಲಿದು ಮೊಳೆ ಹೊಡೆಯುತ್ತೇನೆ. ಗಿರಾಕಿಗಳ ಜೊತೆ ಮಾತಾಡುವುದು, ದರ ಹೇಳುವುದು, ಚೌಕಾಸಿ ಮಾಡುವುದು ಅಕ್ಕನ ಪಾಲಿಗೆ ಬಂದಿತ್ತು. ಅಪ್ಪನಿಗೆ ಆ ಕೆಲಸ ಕೊಡುವಂತಿಲ್ಲ, ಗಿರಾಕಿ ಎಷ್ಟು ಹೇಳಿದರೂ ಅವರು ಹೂಂ ಅಂದುಬಿಡುತ್ತಾರೆ. ಅಮ್ಮ ಎಷ್ಟು ಹೇಳಿದರೂ ಊಹೂಂ ಅನ್ನುತ್ತಾಳೆ. ನನಗೆ ಗುರುತಿಲ್ಲದವರ ಮುಂದೆ ನಾಲಿಗೆ ಏಳುವುದಿಲ್ಲ. ಶಾಲೆ ಬಿಟ್ಟದ್ದೂ ಹೆಚ್ಚುಕಡಿಮೆ ಅದಕ್ಕೇ. ಎದ್ದು ನಿಂತು ಓದು ಎನ್ನುತ್ತಿದ್ದರು. ನಾನು ಎದ್ದು ನಿಲ್ಲುತ್ತಿದ್ದೆ, ಅಷ್ಟೇ.

ಅಪ್ಪನ ಕೆಲಸಕ್ಕೆ ಒಂದು ಕ್ರಮವಿದೆ. ಅದನ್ನು ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಯಾವ ಕುರ್ಚಿಯನ್ನೂ ಅವರು ಕೂತು ನೋಡದೆ ಮುಟ್ಟುವುದಿಲ್ಲ, ಕೂತು ನೋಡದೆ ವಾಪಸು ಕೊಡುವುದೂ ಇಲ್ಲ. ಸುಮ್ಮನೆ ಕೂರುವುದಲ್ಲ. ಅದರಲ್ಲಿ ಕೂರುವವರು ಏನು ಮಾಡುತ್ತಾರೋ ಅದನ್ನೇ ಮಾಡುತ್ತಾ ಕೂರಬೇಕು. ಟೈಲರನ ಕುರ್ಚಿ ಬಂದರೆ ಅಪ್ಪ ಇಲ್ಲದ ಮಿಷನ್ನನ್ನು ಕಾಲಲ್ಲಿ ತುಳಿಯುತ್ತಾರೆ. ವಕೀಲರ ಕುರ್ಚಿ ಬಂದರೆ ಹಿಂದಕ್ಕೆ ಒರಗಿ ಛಾವಣಿ ನೋಡುತ್ತಾರೆ. ಹಲ್ಲಿನ ಡಾಕ್ಟರ ಕುರ್ಚಿ ಬಂದಾಗ ಬೆಳಗೆಲ್ಲ ಬಾಯಿ ತೆರೆದುಕೊಂಡು ಮಲಗಿದ್ದರು. ಬೀದಿಯಲ್ಲಿ ಹೋಗುತ್ತಿದ್ದವರು ಒಳಗೆ ಬಂದು ಅಮ್ಮನನ್ನು, "ಯಜಮಾನ್ರಿಗೆ ಏನಾಯ್ತು?" ಎಂದು ಮೆಲ್ಲಗೆ ಕೇಳಿದರು. "ಏನಿಲ್ಲ, ಡ್ಯೂಟಿಲಿದಾರೆ" ಎಂದಳು ಅಮ್ಮ. ಎದ್ದ ಮೇಲೆ ಅಪ್ಪ ಎಲ್ಲಿ ನೋಯಿತು ಎಂದು ಹೇಳುತ್ತಾರೆ. ಕೆಲಸ ಅಲ್ಲಿಂದ ಶುರು.

ಇಂಥ ಮನೆಯಲ್ಲಿ ಹುಟ್ಟಿದ ಅಕ್ಕ ಕಲ್ಲಿನ ಹಿಂದೆ ಬಿದ್ದಳು. ಸುತ್ತ ಬರೀ ಸ್ಪಂಜು ನೋಡಿ ನೋಡಿ ಹೀಗಾಯಿತು ಎಂದು ಅಮ್ಮ ಹೇಳುತ್ತಾಳೆ. ಚಿಕ್ಕವಳಿದ್ದಾಗ ಎಲ್ಲಿಯಾದರೂ ಮನೆ ಕಟ್ಟುತ್ತಿದ್ದರೆ ಜಲ್ಲಿ ರಾಶಿಯ ಮುಂದೆ ಕೂತುಬಿಡುತ್ತಿದ್ದಳು. ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು, ನಾಲಿಗೆಯಲ್ಲಿ ಒದ್ದೆ ಮಾಡಿ ನೋಡುತ್ತಿದ್ದಳು. ಒದ್ದೆ ಮಾಡಿದರೆ ಬಣ್ಣ ಕಾಣುತ್ತದಂತೆ. "ಅಯ್ಯೋ ಬಿಡೇ, ಮನೇಲಿ ಊಟ ಹಾಕಲ್ಲ ಅಂತ ಜನ ಅಂದ್ಕೋತಾರೆ" ಎಂದು ಅಮ್ಮ ರಟ್ಟೆ ಹಿಡಿದು ಎಳೆದು ತರುತ್ತಿದ್ದಳು. ಕಾಲೇಜಿನಲ್ಲಿ ಭೂವಿಜ್ಞಾನ ತೆಗೆದುಕೊಂಡಾಗ, "ಭೂಮಿ ಬಗ್ಗೆ ಓದಿ ಏನ್ಮಾಡ್ತೀಯೆ, ಜಮೀನು ವ್ಯಾಪಾರಾನಾ?" ಎಂದು ಮಾವ ಕೇಳಿದ. ಮಾವ ಎಂದರೆ ಅಮ್ಮನ ತಮ್ಮ. ಅವನ ಬಗ್ಗೆ ಆಮೇಲೆ ಬರೆಯುತ್ತೇನೆ.

ಕಾಲೇಜಿನಿಂದ ಪ್ರವಾಸಕ್ಕೆ ಹೋದಾಗಲೆಲ್ಲ ಉಳಿದ ಹುಡುಗಿಯರು ಸೆಂಟು, ಸರ ತಂದರೆ ಅಕ್ಕ ಚೀಲದ ತುಂಬ ಕಲ್ಲು ತರುತ್ತಿದ್ದಳು. ಅವನ್ನು ಕಪಾಟಿನಲ್ಲಿ ಜೋಡಿಸಿದ್ದಳು. ಅಮ್ಮ ಒಂದೊಂದೇ ತೆಗೆದು, ಸ್ಪಂಜು ಅಂಟಿಸಿದ ಮೇಲೆ ಗೋಂದು ಒಣಗುವವರೆಗೆ ಭಾರ ಇಡಲು ಬಳಸತೊಡಗಿದಳು.

"ಅಮ್ಮಾ! ಅದು ಕೋಟಿಗಟ್ಟಲೆ ವರ್ಷ ಹಳೇದು!"

"ಅದಕ್ಕೇ ಭಾರ ಚೆನ್ನಾಗಿದೆ" ಎಂದಳು ಅಮ್ಮ.

ಅಕ್ಕ ಪದವಿ ಮುಗಿಸಿದಳು. ನಮ್ಮ ಮನೆಯಲ್ಲಿ ಮೊದಲು ಮುಗಿಸಿದವಳು ಅವಳೇ. ಮುಂದಿನ ಓದಿಗೆ ಪರೀಕ್ಷೆ ಬರೆದಳು, ಸೀಟು ಕೂದಲೆಳೆಯಲ್ಲಿ ತಪ್ಪಿತು. ಮುಂದಿನ ಸಲ ಸಿಕ್ಕೇ ಸಿಗುತ್ತದೆ ಎಂದು ಅವಳ ಮೇಷ್ಟ್ರು ಹೇಳಿದರು. ಅಲ್ಲಿಯವರೆಗೆ ಕೆಲಸ ಹುಡುಕಿದಳು. ಕಲ್ಲಿನ ಕೆಲಸ ಕೊಡುವವರೆಲ್ಲ ಅನುಭವ ಕೇಳಿದರು. ಅನುಭವ ಎಲ್ಲಿ ಸಿಗುತ್ತದೆ ಎಂದು ಇವಳು ಕೇಳಿದರೆ, ಕೆಲಸದಲ್ಲಿ ಎಂದರು. ಹೀಗೆ ತಿಂಗಳುಗಳು ಕಳೆದವು. ಅಕ್ಕ ಗಲ್ಲಾದ ಹಿಂದೆ ಕೂತು ಸೋಫಾದ ದರ ಹೇಳುತ್ತಾ ಇದ್ದಳು. ಪುಸ್ತಕಗಳು ಚೀಲದಿಂದ ಹೊರಗೆ ಬರಲಿಲ್ಲ. ಕಪಾಟಿನಲ್ಲಿದ್ದ ಕಲ್ಲುಗಳೆಲ್ಲ ಗೋಂದು ಮೆತ್ತಿಕೊಂಡು ಅಮ್ಮನ ಕಡೆ ಸೇರಿದವು. ಈಗ ಅಕ್ಕ ಅದಕ್ಕೂ ಜಗಳ ಮಾಡುತ್ತಿರಲಿಲ್ಲ.

ಆಗ ಒಂದು ವಿಮಾ ಕಂಪನಿಯಿಂದ ಕೆಲಸ ಬಂತು. ಹುದ್ದೆಯ ಹೆಸರು ಬಹಳ ಉದ್ದ. ಜೂನಿಯರ್ ಎಂದು ಶುರುವಾಗಿ, ಅಸೋಸಿಯೇಟ್ ಎಂಬಲ್ಲಿ ಸ್ವಲ್ಪ ಉಸಿರು ತೆಗೆದುಕೊಂಡು, ಅಸೆಸ್‌ಮೆಂಟ್ ಎಂದು ಮುಗಿಯುತ್ತಿತ್ತು. ಅಕ್ಕ ಅದನ್ನು ಓದಿ ಹೇಳಿದ ಮೇಲೆ ಅಪ್ಪ, "ಕೂತ್ಕೊಂಡು ಏನ್ಮಾಡ್ಬೇಕು ಅದ್ರಲ್ಲಿ?" ಎಂದು ಕೇಳಿದರು.

"ಫೋಟೋ ನೋಡ್ಬೇಕು. ಜನ ತಮ್ಮ ಮನೇಲಿ ಒಡೆದಿರೋದು, ಬಿರುಕು ಬಿಟ್ಟಿರೋದು ಎಲ್ಲಾ ಫೋಟೋ ತೆಗೆದು ಕಳಿಸ್ತಾರೆ. ಅದು ಹಳೇ ಹಾನಿನಾ, ಹೊಸ ಹಾನಿನಾ ಅಂತ ಒತ್ತಬೇಕು."

"ಒತ್ತಿದ್ ಮೇಲೆ?"

"ಇನ್ನೊಂದು ಫೋಟೋ ಬರುತ್ತೆ."

ಅಪ್ಪ ಮೊಳೆಯೊಂದನ್ನು ಕಿತ್ತು ಪಕ್ಕಕ್ಕಿಟ್ಟರು. "ಆಮೇಲೆ?" ಎಂದರು.

"ಆಮೇಲೆ ಬಸ್ಸು ಹತ್ತಿ ಮನೆಗೆ ಬರೋದು."

ಸಂಬಳ ಅಕ್ಕ ಅಂದುಕೊಂಡಿದ್ದಕ್ಕಿಂತ ಕಡಿಮೆ, ಅಮ್ಮ ಅಂದುಕೊಂಡಿದ್ದಕ್ಕಿಂತ ಜಾಸ್ತಿ. ಅದರಲ್ಲಿ ಸ್ವಲ್ಪ ಉಳಿಸಿದರೆ ಮುಂದೆ ಓದಲು ಆಗುತ್ತಿತ್ತು. ಆದರೆ ಒಂದು ಷರತ್ತಿತ್ತು. ಸೇರಿದ ಮೇಲೆ ಎರಡು ವರ್ಷ ಬಿಡುವಂತಿಲ್ಲ. ಎಂದರೆ ಮುಂದಿನ ವರ್ಷ ಸೀಟು ಸಿಕ್ಕರೂ ಹೋಗುವಂತಿಲ್ಲ. ಬೇಡವೆಂದರೆ ಮತ್ತೆ ಗಲ್ಲಾ. ಶುಕ್ರವಾರದೊಳಗೆ ಉತ್ತರ ಹೇಳಬೇಕಿತ್ತು.

ಈಗ ಮಾವನ ಬಗ್ಗೆ ಬರೆಯುತ್ತೇನೆ. ಅವನು ಒಂದು ದೊಡ್ಡ ಕಟ್ಟಡದ ನೆಲಮಾಳಿಗೆಯಲ್ಲಿ ವಾಹನ ನಿಲ್ಲಿಸುವ ಜಾಗ ನೋಡಿಕೊಳ್ಳುತ್ತಾನೆ. ಮೇಲಿನ ಮಹಡಿಗಳಲ್ಲಿ ಬರೀ ಕಂಪನಿಗಳಿರುವುದರಿಂದ ಕಂಪನಿ ವಿಷಯದಲ್ಲಿ ನಮ್ಮ ಮನೆಗೆಲ್ಲ ಅವನ ಮಾತೇ ಕೊನೆ. ಅವನು ಎಂದೂ ಲಿಫ್ಟಿನಲ್ಲಿ ಮೇಲೆ ಹೋದವನಲ್ಲ. ಆದರೆ ಇಳಿದು ಬರುವವರ ಮುಖ ಚೆನ್ನಾಗಿ ನೋಡಿದ್ದಾನೆ. ವಿಷಯ ತಿಳಿದ ಸಂಜೆಯೇ ಬಂದ.

"ಕಣ್ಣು ಮುಚ್ಕೊಂಡು ಸೇರ್ಕೋ" ಎಂದ.

"ಫೋಟೋ ನೋಡೋ ಕೆಲಸ ಮಾವ, ಕಣ್ಣು ಮುಚ್ಕೊಂಡ್ರೆ ಆಗಲ್ಲ" ಎಂದಳು ಅಕ್ಕ.

"ನೋಡು, ಇದೇ ನಿನ್ ಕೊಬ್ಬು. ಎಸಿ ಇದೆ, ಕುರ್ಚಿ ಇದೆ, ಕೊರಳಿಗೆ ಕಾರ್ಡಿದೆ. ಇನ್ನೇನ್ ಬೇಕು? ಬಿಸಿಲಲ್ಲಿ ಬೆಟ್ಟ ಹತ್ತಿ ಕಲ್ಲು ನೆಕ್ತೀನಿ ಅಂತಾಳಲ್ಲ ಅಕ್ಕಾ ಇವಳು!" ಎಂದು ಮಾವ ಅಮ್ಮನ ಕಡೆ ತಿರುಗಿದ.

"ನಂಗ್ಯಾಕೆ ಹೇಳ್ತೀಯ? ಅವಳಿಗೇ ಹೇಳು" ಎಂದಳು ಅಮ್ಮ. ಅಮ್ಮ ಯಾರ ಪರವಾಗಿಯೂ ಮಾತಾಡಲಿಲ್ಲ. ಸ್ಪಂಜು ಕತ್ತರಿಸುತ್ತಿದ್ದಳು. ಆ ದಿನದ ತುಂಡುಗಳು ಮಾತ್ರ ಯಾವುದೂ ನೇರ ಬರಲಿಲ್ಲ, ಮರುದಿನ ನಾನು ಅವನ್ನೆಲ್ಲ ದಿಂಬಿಗೆ ತುಂಬಿದೆ.

ಮೂರು ಸಂಜೆ ಇದೇ ನಡೆಯಿತು. ಅಕ್ಕ ಬೆಳಿಗ್ಗೆ ಸೇರುತ್ತೇನೆ ಎನ್ನುತ್ತಿದ್ದಳು, ಸಂಜೆ ಇಲ್ಲ ಎನ್ನುತ್ತಿದ್ದಳು. ಗಿರಾಕಿಯೊಬ್ಬರು ಸೋಫಾಕ್ಕೆ ಎಷ್ಟಾಗುತ್ತದೆ ಎಂದು ಕೇಳಿದ್ದಕ್ಕೆ "ಎರಡು ವರ್ಷ" ಎಂದುಬಿಟ್ಟಳು. ಅವರು ಬೇರೆ ಅಂಗಡಿಗೆ ಹೋದರು. ಕೊನೆಗೆ ಅಪ್ಪ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟು, "ಇದೇನ್ ಸುಮ್ಸುಮ್ನೆ ಮಾತು? ಕೂತು ನೋಡಿದ್ರೆ ಗೊತ್ತಾಗಲ್ವಾ?" ಎಂದರು.

"ಎಲ್ಲಿ ಕೂತು ಅಪ್ಪಾ?"

"ಅಲ್ಲೇ. ಆ ಕುರ್ಚೀಲಿ. ಒಂದಿನ."

"ಕೆಲಸಕ್ಕೆ ಸೇರೋಕ್ ಮುಂಚೆ ಹಾಗೆಲ್ಲ ಕೂರಿಸಲ್ಲಪ್ಪಾ. ಹಂಗ್ಯಾರೂ ಕೇಳಲ್ಲ."

"ಯಾಕೆ ಕೇಳಲ್ಲ?"

ಮಾವ, "ಭಾವ, ಮಾನ ಹೋಗುತ್ತೆ" ಎಂದ. ಅಪ್ಪ ಕಂಪನಿಯ ನಂಬರಿಗೆ ಫೋನ್ ಮಾಡಿಯೇಬಿಟ್ಟರು. ಅಕ್ಕ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಪರದೆಯ ಹಿಂದೆ ಹೋದಳು. ನಾವೆಲ್ಲ ಕೇಳುವ ಹಾಗೆ ಅಪ್ಪ ಫೋನನ್ನು ಜೋರಾಗಿ ಇಟ್ಟಿದ್ದರು.

"ಮೇಡಂ, ನಾನು ಕುರ್ಚಿ ರಿಪೇರಿಯವನು" ಎಂದು ಅಪ್ಪ ಶುರು ಮಾಡಿದರು.

"ನಮ್ಮಲ್ಲಿ ಯಾವ ಕುರ್ಚೀನೂ ರಿಪೇರಿಗಿಲ್ಲ ಸರ್" ಎಂದು ಆ ಕಡೆಯಿಂದ ನೇಮಕಾತಿಯ ಮೇಡಂ ಹೇಳಿದರು.

"ಹಂಗಲ್ಲ ಮೇಡಂ. ನಮ್ಮ ಮಗಳಿಗೆ ನಿಮ್ಮಲ್ಲಿ ಕೆಲಸ ಕೊಟ್ಟಿದೀರಿ. ಅವಳು ಕೂರೋ ಕುರ್ಚೀಲಿ ಒಂದಿನ ಕೂತು ನೋಡ್ಲಾ ಅಂತ. ಕೂತು ನೋಡ್ದೆ ನಾವು ಏನೂ ತಗೊಳ್ಳಲ್ಲ."

ಮೇಡಂ "ಒಂದ್ನಿಮಿಷ ಇರಿ" ಎಂದರು. ಸಂಗೀತ ಬಂತು. ಅಪ್ಪ ಸಂಗೀತಕ್ಕೆ ತಲೆಯಾಡಿಸುತ್ತಾ ಕಾದರು. ಮೇಡಂ ವಾಪಸು ಬಂದು, ಅಂಥದ್ದೊಂದು ಅವಕಾಶ ನಿಯಮದಲ್ಲಿ ಇದೆ, ಆದರೆ ಈವರೆಗೆ ಯಾರೂ ಕೇಳಿರಲಿಲ್ಲ, ಬುಧವಾರ ಬರಬಹುದು, ಜೊತೆಗೆ ಮನೆಯವರು ಒಬ್ಬರು ಬರಬಹುದು ಎಂದರು.

ಅಪ್ಪನಿಗೆ ಬುಧವಾರ ಸೋಫಾ ತಲುಪಿಸುವುದಿತ್ತು. ಮಾವ ತಾನೇ ಹೋಗುವುದಾಗಿ ಎದ್ದು ನಿಂತ, ಅಕ್ಕ ಅವನನ್ನು ಕೂರಿಸಿದಳು. "ಚಿಕ್ಕವಳು ಹೋಗ್ಲಿ. ಕುರ್ಚಿ ನೋಡೋಕೆ ಗೊತ್ತು. ಮಾತಾಡಲ್ಲ, ಅದ್ರಿಂದ ಯಾರಿಗೂ ತೊಂದ್ರೆ ಇಲ್ಲ" ಎಂದರು ಅಪ್ಪ. ಹೀಗೆ ನಾನು ಹೋದೆ.

ಕಟ್ಟಡದ ಬಾಗಿಲು ನಾವು ಹತ್ತಿರ ಹೋದ ಕೂಡಲೇ ತಾನೇ ತೆರೆಯಿತು. ನಾನು ಹಿಂದೆ ಸರಿದೆ, ಅದು ಮುಚ್ಚಿತು. ಮತ್ತೆ ಮುಂದೆ ಹೋದೆ, ತೆರೆಯಿತು. ಅಕ್ಕ ನನ್ನ ತೋಳು ಹಿಡಿದು ಒಳಗೆ ಎಳೆದುಕೊಂಡಳು. ಕೊರಳಿಗೆ 'ಸಂದರ್ಶಕರು' ಎಂದು ಬರೆದ ಕಾರ್ಡು ಕೊಟ್ಟರು. ಮೇಲಿನ ಮಹಡಿಯಲ್ಲಿ ಉದ್ದನೆಯ ಕೋಣೆ, ಸಾಲು ಸಾಲು ಮೇಜು, ಪ್ರತಿ ಮೇಜಿನ ಮೇಲೆ ಒಂದು ಕಂಪ್ಯೂಟರ್. ಕಿಟಕಿಗಳು ಇದ್ದವು, ಆದರೆ ಬೆಳಕು ಕಂಪ್ಯೂಟರ್ ಪರದೆಯ ಮೇಲೆ ಬೀಳುತ್ತದೆ ಎಂದು ಅವಕ್ಕೆಲ್ಲ ಕಾಗದ ಅಂಟಿಸಿದ್ದರು. ಚಳಿ ಎಷ್ಟಿತ್ತೆಂದರೆ ಎಲ್ಲರೂ ಸ್ವೆಟರ್ ಹಾಕಿಕೊಂಡಿದ್ದರು. ಅಕ್ಕನ ಪಕ್ಕದ ಸೀಟಿನ ಹುಡುಗಿ ಎರಡು ಹಾಕಿಕೊಂಡಿದ್ದಳು. ಅವಳ ಹೆಸರು ನಾನು ಕೇಳಲಿಲ್ಲ. ಎರಡು ಸ್ವೆಟರಿನವಳು ಎಂದೇ ಬರೆಯುತ್ತೇನೆ.

"ಹೊಸಬ್ರಾ?" ಎಂದು ಅವಳು ಕೇಳಿದಳು.

"ಇನ್ನೂ ಇಲ್ಲ. ಕೂತು ನೋಡೋಕೆ ಬಂದಿದೀನಿ" ಎಂದಳು ಅಕ್ಕ.

"ಹಂಗೂ ಇದ್ಯಾ?" ಎಂದು ಅವಳು ಕುರ್ಚಿ ಸಮೇತ ತಿರುಗಿದಳು. "ಗೊತ್ತಿದ್ರೆ ನಾನೂ ಕೂತು ನೋಡ್ತಿದ್ದೆ. ನಾನು ಬಂದವಳೇ ಕೂತ್ಬಿಟ್ಟೆ ನೋಡಿ."

ಅಕ್ಕ ಕೂತಳು. ನನಗೊಂದು ಸ್ಟೂಲು ಕೊಟ್ಟರು. ಕುರ್ಚಿಯ ಬಗ್ಗೆ ಹೇಳಬೇಕು. ನೋಡಲು ಚೆನ್ನಾಗಿತ್ತು, ಬೆನ್ನಿಗೆ ಜಾಲರಿ, ಕೈಗೆ ಒರಗು. ಆದರೆ ಅದು ಇಳಿಯುತ್ತಿತ್ತು. ಎತ್ತರಕ್ಕೆ ಎಳೆದುಕೊಂಡು ಕೂತರೆ, ಕೂತವರಿಗೆ ಗೊತ್ತೇ ಆಗದಷ್ಟು ನಿಧಾನವಾಗಿ ಕೆಳಗೆ ಹೋಗುತ್ತಿತ್ತು. ಅಲ್ಲಿನ ಎಲ್ಲ ಕುರ್ಚಿಗಳೂ ಹಾಗೇ ಇದ್ದವು. ಸಾಲಿನಲ್ಲಿ ಒಬ್ಬರು ಎತ್ತರ, ಒಬ್ಬರು ತಗ್ಗು, ಒಬ್ಬರ ತಲೆ ಮಾತ್ರ ಕಾಣುತ್ತಿತ್ತು. ಮೇಲ್ವಿಚಾರಕರು ಬಂದರೆ ಎಲ್ಲರೂ ಒಮ್ಮೆಗೇ ಹಿಡಿ ಎಳೆದು ಮೇಲೆ ಬರುತ್ತಿದ್ದರು. ನಾನು ಆ ಸದ್ದಿಗೆ ಎದ್ದು ನಿಂತೆ. "ಕೂತ್ಕೊಳಮ್ಮ, ಇದು ನಮ್ಮ ನಮಸ್ಕಾರ" ಎಂದಳು ಎರಡು ಸ್ವೆಟರಿನವಳು.

ಅಭ್ಯಾಸಕ್ಕೆಂದು ಇಟ್ಟಿದ್ದ ಹಳೆಯ ಫೋಟೋಗಳನ್ನು ಅಕ್ಕನಿಗೆ ಕೊಟ್ಟರು. ಮೊದಲನೆಯದು ಗೋಡೆಯ ಬಿರುಕು. ಕೆಳಗೆ ಒತ್ತಲು ಮೂರು ಜಾಗ: ಹಳೆಯದು, ಹೊಸದು, ಇತರೆ. ಅಕ್ಕ ಆ ಫೋಟೋವನ್ನು ದೊಡ್ಡದು ಮಾಡಿದಳು, ಇನ್ನೂ ದೊಡ್ಡದು ಮಾಡಿದಳು. ಮೂಗು ಪರದೆಗೆ ತಾಗುವಷ್ಟು ಬಾಗಿದಳು. ನಾಲಿಗೆಯ ತುದಿ ಸ್ವಲ್ಪ ಹೊರಗೆ ಬಂತು.

"ಸ್ಕ್ರೀನ್ ನೆಕ್ಬೇಡ್ರಿ, ಸಂಜೆ ಪಾಳಿಯವ್ರಿಗೂ ಬೇಕು" ಎಂದಳು ಎರಡು ಸ್ವೆಟರಿನವಳು.

"ಇದು ಹಳೇದೂ ಅಲ್ಲ, ಹೊಸದೂ ಅಲ್ಲ" ಎಂದಳು ಅಕ್ಕ. "ಮೊದ್ಲು ಸಣ್ಣದಿತ್ತು, ಈಗ ಯಾವ್ದೋ ಕಾರಣಕ್ಕೆ ಅಗಲ ಆಗಿದೆ. ಇತರೆ ಒತ್ಲಾ?"

"ಅಯ್ಯೋ ಬೇಡ! ಇತರೆ ಒತ್ತಿದ್ರೆ ಕಾರಣ ಬರೀರಿ ಅನ್ನುತ್ತೆ."

ಅಕ್ಕ ಇತರೆ ಒತ್ತಿದಳು. ಕಾರಣ ಬರೆದಳು. ಮುಂದಿನ ಫೋಟೋಕ್ಕೂ ಬರೆದಳು. ಬೆಳಗೆಲ್ಲ ಬರೆಯುತ್ತಲೇ ಇದ್ದಳು. ನಡುನಡುವೆ ಕುರ್ಚಿಯ ಹಿಡಿ ಎಳೆದು ಮೇಲೆ ಬರುತ್ತಿದ್ದಳು. ಅವಳ ಕಿವಿ ಕೆಂಪಾಗಿತ್ತು. ಬಹಳ ತಿಂಗಳಿಂದ ಅವಳ ಕಿವಿ ಹಾಗೆ ಕೆಂಪಾಗಿದ್ದು ನಾನು ನೋಡಿರಲಿಲ್ಲ. ಇವಳಿಗೆ ಇದು ಹಿಡಿಸಿಬಿಟ್ಟಿತು ಎಂದುಕೊಂಡೆ.

ಊಟಕ್ಕೆ ಮುಂಚೆ ಮೇಲ್ವಿಚಾರಕರು ಬಂದರು. ಎಲ್ಲರೂ ಮೇಲೆ ಬಂದರು. ಅವರು ಅಕ್ಕ ಬರೆದದ್ದನ್ನು ನಿಂತೇ ಓದಿದರು. ಒಳ್ಳೆಯವರೇ. ನಗುತ್ತಾ, "ಚೆನ್ನಾಗಿ ಬರ್ದಿದೀರ. ಆದ್ರೆ ಇದನ್ನ ಯಾರೂ ಓದಲ್ಲಮ್ಮ" ಎಂದರು.

"ನಾನು ಓದ್ತೀನಿ ಸರ್, ಬೇಜಾರಾದಾಗ" ಎಂದಳು ಎರಡು ಸ್ವೆಟರಿನವಳು.

"ನಿಮ್ದೆಷ್ಟಾಯ್ತು?" ಎಂದು ಅವರು ಅವಳನ್ನು ಕೇಳಿದರು. ಅವಳು ಹೇಳಿದ್ದು ಅಕ್ಕನದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿತ್ತು. ಅವರು ಅಕ್ಕನ ಕಡೆ ಒಮ್ಮೆ ನೋಡಿ ಹೋದರು.

ಊಟವಾದ ಮೇಲೆ ಅಕ್ಕ ಹಳೆಯದು, ಹೊಸದು ಒತ್ತತೊಡಗಿದಳು. ಮೊದಲು ಒಂದೊಂದಕ್ಕೂ ಸ್ವಲ್ಪ ನಿಲ್ಲುತ್ತಿದ್ದಳು. ಆಮೇಲೆ ನಿಲ್ಲಲಿಲ್ಲ. ಬೆನ್ನು ಹಿಂದಕ್ಕೆ ಹೋಯಿತು, ಬೆರಳು ಮಾತ್ರ ಆಡುತ್ತಿತ್ತು. "ಕೈ ಕುದುರ್ತು ನೋಡಿ" ಎಂದು ಎರಡು ಸ್ವೆಟರಿನವಳು ಮೆಚ್ಚಿದಳು. ಅಕ್ಕ ಹೂಂ ಎಂದಳು. ಏನು ಕೇಳಿದರೂ ಹೂಂ ಎನ್ನುತ್ತಿದ್ದಳು. ನಾನು ನೀರು ಬೇಕಾ ಎಂದು ಕೇಳಿದೆ, ಹೂಂ ಎಂದಳು. ತಂದುಕೊಟ್ಟೆ, ಕುಡಿಯಲಿಲ್ಲ. ಆಗ ನಾನು ಬಂದ ಕೆಲಸ ನೆನಪಾಗಿ ಕುರ್ಚಿ ನೋಡತೊಡಗಿದೆ.

ಬಸ್ಸಿನಲ್ಲಿ ಬರುವಾಗ ಹೇಗನ್ನಿಸಿತು ಎಂದು ಕೇಳಿದೆ. "ಸುಲಭ ಇದೆ ಕಣೇ. ಮಾಡ್ಬಹುದು. ಬಹುಶಃ ಸೇರ್ತೀನಿ" ಎಂದಳು. ಮುಖದಲ್ಲಿ ಬೇಸರವೂ ಇರಲಿಲ್ಲ, ಖುಷಿಯೂ ಇರಲಿಲ್ಲ.

ಮನೆಯಲ್ಲಿ ಅಪ್ಪ, ಅಮ್ಮ, ಮಾವ ಕಾಯುತ್ತಿದ್ದರು. ಮಾವ ಕೆಲಸ ಮುಗಿಸಿದವನು ಮನೆಗೂ ಹೋಗದೆ ಬಂದಿದ್ದ. "ಎಸಿ ಹೆಂಗಿತ್ತು?" ಎಂದು ಕೇಳಿದ. ಅಪ್ಪ ಗಿರಾಕಿಗಳನ್ನು ಕೇಳುವ ಹಾಗೆಯೇ ಕೇಳಿದರು.

"ಬೆನ್ನು ನೋಯ್ತಾ?"

"ಇಲ್ಲಪ್ಪಾ."

"ಸೊಂಟ? ಕತ್ತು?"

"ಏನೂ ನೋಯ್ಲಿಲ್ಲ."

ಅಪ್ಪನಿಗೆ ಅದು ಸಮಾಧಾನವಾಗಲಿಲ್ಲ. ಇಡೀ ದಿನ ಕೂತು ಏನೂ ನೋಯದ ಕುರ್ಚಿಯನ್ನು ಅವರು ಈವರೆಗೆ ನೋಡಿಲ್ಲ. ನನ್ನ ಕಡೆ ತಿರುಗಿದರು. "ನೀನು ನೋಡ್ದಾ?"

ನೋಡಿದ್ದನ್ನು ನೋಡಿದ ಹಾಗೆ ಹೇಳಿದೆ. "ಇಳಿಯೋ ಕುರ್ಚಿ ಅಪ್ಪಾ. ಒಳಗೆ ಗಾಳಿ ನಿಲ್ಲಲ್ಲ. ಬೆಳಿಗ್ಗೆಯೆಲ್ಲ ಅಕ್ಕ ಎತ್ಕೊಂಡ್ ಎತ್ಕೊಂಡ್ ಕೂರ್ತಿದ್ಲು. ಊಟ ಆದ್ಮೇಲೆ ಎತ್ಕೊಳ್ಲಿಲ್ಲ."

ಅಕ್ಕ ನನ್ನನ್ನು ನೋಡಿದಳು. "ಇಳಿದಿತ್ತಾ?"

"ಪೂರ್ತಿ ಇಳಿದಿತ್ತು."

"ಸುಳ್ಳು."

"ಇಲ್ಲ ಅಕ್ಕ. ನಿನ್ ಗಲ್ಲ ಮೇಜಿನ ಸಮಕ್ಕೆ ಬಂದಿತ್ತು. ಕೈ ಮೇಲೆತ್ತಿ ಒತ್ತುತಿದ್ದೆ ನೀನು. ಸಂಜೆವರೆಗೂ ಹಂಗೇ ಇದ್ದೆ."

"ನೀನ್ಯಾಕೆ ಹೇಳ್ಲಿಲ್ಲ?"

"ನೀರು ಬೇಕಾ ಅಂತ ಕೇಳ್ದೆ" ಎಂದೆ.

ಮಾವ ನಗಲು ಬಾಯಿ ತೆರೆದವನು ಅಮ್ಮನ ಮುಖ ನೋಡಿ ಮುಚ್ಚಿದ. ಅಕ್ಕ ಅಲ್ಲೇ ಇದ್ದ ಯಾರದೋ ಸೋಫಾದ ತುದಿಯಲ್ಲಿ ಕೂತಳು. ಅದಕ್ಕೆ ಇನ್ನೂ ಬಟ್ಟೆ ಹಾಕಿರಲಿಲ್ಲ, ಸ್ಪ್ರಿಂಗ್ ಚುಚ್ಚುತ್ತದೆ. ಅವಳು ಏಳಲಿಲ್ಲ.

"ಮಧ್ಯಾಹ್ನ ನೋಡಿದ್ ಒಂದ್ ಫೋಟೋನೂ ನೆನಪಿಲ್ಲ ನಂಗೆ" ಎಂದಳು. "ಒಂದೂ ಇಲ್ಲ."

"ಒಂದೇ ದಿನಕ್ಕೆ" ಎಂದರು ಅಪ್ಪ. ಅವರು ಕುರ್ಚಿಯ ಬಗ್ಗೆ ಹೇಳಿದರೋ ಅಕ್ಕನ ಬಗ್ಗೆ ಹೇಳಿದರೋ ನಾನು ಕೇಳಲಿಲ್ಲ.

"ಹಂಗಾದ್ರೆ ಬೇಡ ಬಿಡು" ಎಂದಳು ಅಮ್ಮ. ಆ ಕೆಲಸ ಬೇಕೋ ಬೇಡವೋ ಎಂದು ಅಷ್ಟು ದಿನದಲ್ಲಿ ಅಮ್ಮ ಹೇಳಿದ ಮೊದಲ ಮಾತು ಅದು. "ಇಲ್ಲೇ ಇರು. ಏನೀಗ?"

ಅಕ್ಕ ಸುತ್ತ ನೋಡಿದಳು. ಗಲ್ಲಾ ನೋಡಿದಳು. ಒಣಗಲು ಇಟ್ಟ ಸ್ಪಂಜಿನ ಮೇಲೆ ಭಾರಕ್ಕಿಟ್ಟಿದ್ದ ತನ್ನ ಕಲ್ಲುಗಳನ್ನು ನೋಡಿದಳು. "ಇಲ್ಲೂ ಇಳಿದಿದೀನಮ್ಮ" ಎಂದಳು. "ಯಾರೂ ಹೇಳ್ಲಿಲ್ಲ ಅಷ್ಟೇ." ಜಗಳದ ದನಿಯಲ್ಲಿ ಹೇಳಲಿಲ್ಲ. ಆದರೂ ಆ ರಾತ್ರಿ ಊಟ ಯಾರಿಗೂ ಸೇರಲಿಲ್ಲ. ಮಾವನಿಗೆ ಸೇರಿತು.

ಗುರುವಾರ ಅಕ್ಕ ಚೀಲದಿಂದ ಪುಸ್ತಕ ತೆಗೆದು ಪರೀಕ್ಷೆ ಯಾವಾಗ, ಸೀಟು ಯಾವಾಗ ಎಂದು ನೋಡಿದಳು, ಓದು ಶುರುವಾಗಲು ಇನ್ನು ಒಂದು ವರ್ಷವಿದೆ ಎಂದು ಲೆಕ್ಕ ಹಾಕಿದಳು. ಶುಕ್ರವಾರ ಬೆಳಿಗ್ಗೆ ಮುಖ ತೊಳೆದು, ತಲೆ ಬಾಚಿ, ಗಲ್ಲಾದ ಹಿಂದೆ ನಿಂತುಕೊಂಡು ಕಂಪನಿಗೆ ಫೋನ್ ಮಾಡಿದಳು. ಅಪ್ಪನ ಹಾಗೆ ಅವಳೂ ಫೋನ್ ಜೋರಾಗಿ ಇಟ್ಟಳು.

"ಮೇಡಂ, ಕೂತು ನೋಡ್ದೆ. ಬರ್ತೀನಿ. ಆದ್ರೆ ಎರಡು ವರ್ಷಕ್ಕಲ್ಲ, ಒಂದು ವರ್ಷಕ್ಕೆ."

"ಅದನ್ನೆಲ್ಲ ಬದಲಾಯಿಸೋಕಾಗಲ್ಲ. ಎಲ್ಲರಿಗೂ ಒಂದೇ."

"ಗೊತ್ತು ಮೇಡಂ. ಎಲ್ಲರಿಗೂ ಒಂದೇ ಅಂತ ನಾವೂ ಹೇಳ್ತೀವಿ. ನೀವು ಎಷ್ಟಕ್ಕೆ ಇಳೀತೀರಿ ಹೇಳಿ."

ಇದು ಅಕ್ಕ ದಿನವೂ ಸೋಫಾ ಗಿರಾಕಿಗಳ ಜೊತೆ ಮಾತಾಡುವ ದನಿ. ಅದನ್ನು ಕೇಳಿ ನನಗೆ ಭಯವಾಯಿತು, ಯಾಕೆಂದರೆ ಆ ದನಿಗೆ ಕೆಲವು ಗಿರಾಕಿಗಳು ಎದ್ದು ಹೋಗಿದ್ದೂ ಉಂಟು. ಸಂಗೀತ ಬಂತು. ಆಮೇಲೆ ಮೇಡಂ ಬಂದು, ಒಂದೂವರೆ ವರ್ಷ ಎಂದರು. ಅಪ್ಪ ಹೂಂ ಅನ್ನಲು ಬಾಯಿ ತೆರೆದರು. ಅಮ್ಮ ಗೋಂದಿನ ಕೈಯನ್ನೇ ಅವರ ಬಾಯಿಗೆ ಅಡ್ಡ ಹಿಡಿದಳು.

"ಒಂದೂವರೆ ಅಂದ್ರೆ ನಂಗೆ ಎರಡೇ ಮೇಡಂ, ಓದೋಕೆ ಸೀಟು ಹೋಗುತ್ತೆ. ಒಂದು ವರ್ಷ, ಪೂರ್ತಿ ಮಾಡ್ತೀನಿ, ನಡುವೆ ಬಿಡಲ್ಲ. ಆಗಲ್ಲ ಅಂದ್ರೆ ನೀವೂ ಬೇರೆಯವ್ರನ್ನ ನೋಡ್ಕೊಳ್ಳಿ, ನಂದೇನೂ ಬೇಜಾರಿಲ್ಲ."

ಬೇಜಾರಿತ್ತು. ಗಲ್ಲಾದ ಕೆಳಗೆ ಅವಳು ಗೋಂದು ಮೆತ್ತಿದ ಕಲ್ಲೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ನಾನಿದ್ದ ಕಡೆಯಿಂದ ಕಾಣುತ್ತಿತ್ತು. ಮತ್ತೆ ಸಂಗೀತ ಬಂತು. ಈ ಸಲ ಅದು ಮುಗಿದು ಮೊದಲಿನಿಂದ ಶುರುವಾಯಿತು. ಒಬ್ಬ ಗಿರಾಕಿ ಸ್ಟೂಲು ಹಿಡಿದುಕೊಂಡು ಬಂದು, "ಇದಕ್ಕೆ ಎಷ್ಟಾಗುತ್ತೆ?" ಎಂದರು. ನಾವು ನಾಲ್ವರೂ ಒಟ್ಟಿಗೆ ಶ್ ಎಂದೆವು. ಅವರೂ ನಿಂತು ಸಂಗೀತ ಕೇಳಿದರು.

ಒಂದು ವರ್ಷಕ್ಕೆ ಒಪ್ಪಿದರು. ಸಂಬಳ ಸ್ವಲ್ಪ ಕಡಿಮೆ ಮಾಡಿದರು, ಸಂಜೆ ಪಾಳಿಯೂ ಆಗಾಗ ಬರುತ್ತದೆ ಎಂದರು. ಅಕ್ಕ ಆಯಿತು ಎಂದಳು. ಫೋನ್ ಇಟ್ಟು, ಸ್ಟೂಲಿನವರಿಗೆ ದರ ಹೇಳಿದಳು. ಅವರು ಚೌಕಾಸಿ ಮಾಡದೆ ಕೊಟ್ಟು ಹೋದರು.

ಸಂಜೆ ಮಾವ ಬಂದು ಎಲ್ಲವನ್ನೂ ಎರಡು ಸಲ ಕೇಳಿಸಿಕೊಂಡ. "ಕಂಪನಿ ಜೊತೆ ಚೌಕಾಸಿ ಮಾಡಿದ್ಯಾ? ನಮ್ ಬಿಲ್ಡಿಂಗಲ್ಲಿ ಯಾರೂ ಮಾಡಲ್ಲಮ್ಮ" ಎಂದ. ಸ್ವಲ್ಪ ಹೊತ್ತಿನ ಮೇಲೆ, ತನ್ನ ಸಂಬಳದ ವಿಷಯವೂ ಒಂದಿದೆ, ಬಿಡುವಾದಾಗ ಅಕ್ಕ ಒಂದು ಫೋನ್ ಮಾಡಬಹುದಾ ಎಂದು ಕೇಳಿದ.

ಖುಷಿಯಾಯಿತಾ ಎಂದು ನಾನು ಅಕ್ಕನನ್ನು ಕೇಳಿದೆ. "ಇಲ್ಲ ಕಣೇ. ಚೆನ್ನಾಗಿರೋ ಕೆಲಸ ಅಲ್ಲ ಅದು" ಎಂದಳು. "ಆದ್ರೆ ಎಷ್ಟು ದಿನ ಅಂತ ಗೊತ್ತು, ಯಾಕೆ ಅಂತ ಗೊತ್ತು. ಬೆಳಿಗ್ಗೆ ಹೊತ್ತು ಇತರೆ ಒತ್ತುತೀನಿ. ಮಧ್ಯಾಹ್ನ ಅವ್ರು ಹೇಳಿದ್ದು. ರಾತ್ರಿ ಓದ್ತೀನಿ." ಆಮೇಲೆ ನನಗೂ ಒಂದು ಕೆಲಸ ಕೊಟ್ಟಳು. ದಿನವೂ ಅವಳು ಮನೆಗೆ ಬಂದಾಗ ಮಧ್ಯಾಹ್ನ ನೋಡಿದ ಒಂದು ಫೋಟೋದ ಬಗ್ಗೆ ಹೇಳು ಎಂದು ನಾನು ಕೇಳಬೇಕು. ಹೇಳಲು ಬರದಿದ್ದರೆ ಬಿಡಬಾರದು. ನನಗೆ ಜೋರು ಮಾಡಿ ಗೊತ್ತಿಲ್ಲ, ಆದರೆ ಎದುರಿಗೆ ಸುಮ್ಮನೆ ನಿಲ್ಲಲು ಬರುತ್ತದೆ. ಸಾಕು ಎಂದಳು.

ಅಕ್ಕ ಸೋಮವಾರ ಸೇರುತ್ತಾಳೆ. ನಾನು ಬೆಳಿಗ್ಗೆ ಬೇಗ ಎದ್ದು ಅವಳನ್ನು ಬಸ್ಸು ಹತ್ತಿಸಿ ಬರುತ್ತೇನೆ, ಸಂಜೆ ಅವಳು ಬಂದ ಕೂಡಲೇ ಕೇಳುತ್ತೇನೆ.